ಅವರೆಕಾಯಿ ಬಿಡಿಸುವ ಕೈ

ಇವತ್ತು ಬೆಳಿಗ್ಗೆ ಜಯನಗರ ಫೋರ್ತ್ ಬ್ಲಾಕಿನ ಮಾರ್ಕೆಟ್ಟಿನ ಹತ್ತಿರ ಸ್ಕೂಟರ್ ನಿಲ್ಲಿಸುವ ಮೊದಲೇ ಸೊಗಡು ಮೂಗಿಗೆ ಬಡಿಯಿತು. ಫುಟ್‌ಪಾತಿನಲ್ಲಿ ಗೋಣಿತಾಟು ಹಾಸಿ ಅವರೆಕಾಯಿ ರಾಶಿ ಸುರಿದಿದ್ದರು. ಇಬ್ಬನಿಯ ತೇವ ಇನ್ನೂ ಆರಿರಲಿಲ್ಲ. ಕೈಗೆತ್ತಿಕೊಂಡರೆ ಅಂಟಂಟು. ನಿಮಗೂ ಗೊತ್ತಿರುತ್ತದೆ, ಆ ವಾಸನೆ ಒಮ್ಮೆ ಬೆರಳಿಗೆ ಹತ್ತಿದರೆ ಯಾವ ಸೋಪಿಗೂ ಬಗ್ಗುವುದಿಲ್ಲ. ಈ ಊರಿನಲ್ಲಿ ಕೆಲವರಿಗೆ ಅದರಿಂದ ಹಿತಕಬೇಳೆ ಸಾರು ನೆನಪಾಗುತ್ತದೆ, ಕೆಲವರಿಗೆ ಅವರೆಕಾಳು ಹಾಕಿದ ಅಕ್ಕಿರೊಟ್ಟಿ. ನನಗೆ ಹೊಟ್ಟೆಕಿಚ್ಚು ನೆನಪಾಗುತ್ತದೆ.

ಹೊಟ್ಟೆಕಿಚ್ಚು ಅಂದ ಕೂಡಲೇ ನೀವು ನನ್ನನ್ನು ಸಣ್ಣ ಮನುಷ್ಯ ಅಂದುಕೊಳ್ಳಬೇಡಿ. ಅಥವಾ ಅಂದುಕೊಳ್ಳಿ, ಆದರೆ ಪೂರ್ತಿ ಕೇಳಿ ಅಂದುಕೊಳ್ಳಿ. ನಮ್ಮ ಚಿಕ್ಕಪ್ಪನ ಮಗ ಜೆ.ಪಿ. ನಗರದಲ್ಲಿ ಮೂರು ಅಂತಸ್ತು ಎಬ್ಬಿಸಿದಾಗ ನಾನು ಗೃಹಪ್ರವೇಶಕ್ಕೆ ಹೋಗಿ ಹೋಳಿಗೆ ಎರಡು ಸಲ ಹಾಕಿಸಿಕೊಂಡು ಬಂದವನು. ನನ್ನ ಜೊತೆ ಕೆಲಸಕ್ಕೆ ಸೇರಿದವನು ಪ್ರಿನ್ಸಿಪಾಲನಾದಾಗ ಹಾರ ತಂದವನು ನಾನೇ. ಮನೆ, ಪದವಿ, ಕಾರು, ತಲೆತುಂಬ ಕೂದಲು, ಇವು ಯಾವುದಕ್ಕೂ ನನ್ನ ಹೊಟ್ಟೆ ಉರಿದಿಲ್ಲ. ಕೂದಲಿಗೆ ಸ್ವಲ್ಪ ಉರಿದಿರಬಹುದು. ಆದರೆ ಯಾರಾದರೂ ಒಂದು ಒಳ್ಳೆಯ ಸಂಭಾಷಣೆ ಬರೆದರೆ ಮಾತ್ರ ನನಗೆ ಆ ದಿನ ಊಟ ಸೇರುವುದಿಲ್ಲ. ಎಷ್ಟೋ ವರ್ಷದಿಂದ ನಾಟಕ ಬರೆಯುತ್ತಿದ್ದೇನೆ. ಕೆಲವು ರಂಗಕ್ಕೆ ಬಂದಿವೆ, ಹೆಚ್ಚಿನವು ಬೀರುವಿನ ಕೆಳಗಿನ ಖಾನೆಯಲ್ಲಿವೆ.

ತ್ಯಾಗರಾಜನಗರದಲ್ಲಿ ನಮ್ಮ ಮನೆಯ ಮಹಡಿಯ ಮೇಲೊಂದು ಶೀಟಿನ ಕೋಣೆ ಇದೆ. ಕಾಲೇಜಿನ ಕೆಲಸದಿಂದ ನಿವೃತ್ತನಾದ ಮೇಲೆ ಅಲ್ಲಿ ಭಾನುವಾರ ಬೆಳಿಗ್ಗೆ ನಾಟಕ ಬರೆಯುವ ತರಗತಿ ಶುರುಮಾಡಿದೆ. ಹತ್ತು ಜನಕ್ಕಿಂತ ಹೆಚ್ಚು ಯಾವತ್ತೂ ಬಂದಿಲ್ಲ, ಬಂದರೆ ಕುರ್ಚಿಯೂ ಇಲ್ಲ. ಈ ತರಗತಿಗೆ ನಾನೇ ಮಾಡಿದ ಒಂದು ಪದ್ಧತಿಯಿದೆ. ಒಂದು ದೃಶ್ಯದ ಬಗ್ಗೆ ಅಭಿಪ್ರಾಯ ಹೇಳುವವನು ಮೊದಲು ಆ ದೃಶ್ಯವನ್ನು ಎಲ್ಲ ಪಾತ್ರವೂ ತಾನೇ ಆಗಿ ಗಟ್ಟಿಯಾಗಿ ಓದಬೇಕು. ಬರೆದವರು ಬಾಯಿ ಮುಚ್ಚಿಕೊಂಡು ಕೇಳಬೇಕು. ಓದಾದ ಮೇಲೆ ಎಲ್ಲಿ ಚೆನ್ನಾಗಿತ್ತು ಅಂತ ಹೇಳಿ, ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಬಹುದು. ‘ಹೀಗೆ ಬರೀರಿ’ ಅಂತ ಸ್ವಂತ ಸಾಲು ತುರುಕುವ ಹಾಗಿಲ್ಲ. ಚಿಕ್ಕ ವಯಸ್ಸಿನಲ್ಲಿ ನನಗೆ ಕಲಿಸಿದವರೊಬ್ಬರು ನನ್ನ ಸಾಲುಗಳನ್ನೆಲ್ಲ ಹೊಡೆದುಹಾಕಿ ತಮ್ಮ ಸಾಲು ಬರೆದುಕೊಡುತ್ತಿದ್ದರು. ಆ ನಾಟಕಕ್ಕೆ ಬಹುಮಾನ ಬಂದಾಗ ಯಾರಿಗೆ ಬಂತು ಅಂತ ನನಗೇ ಗೊತ್ತಾಗಲಿಲ್ಲ. ಅದಕ್ಕೇ ಈ ಪದ್ಧತಿ.

ಓದುವ ಕೆಲಸ ನನ್ನ ಪಾಲಿಗೆ ಬಂದರೆ ಶನಿವಾರ ಸಂಜೆ ಮನೆಯಲ್ಲಿ ಒಂದು ಸಲ ಓದಿ ನೋಡಿಕೊಳ್ಳುತ್ತೇನೆ. ಕೇಳುವವಳು ನನ್ನ ಹೆಂಡತಿ ಸುಮಿತ್ರ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಅವಳ ಕೈ ಖಾಲಿ ಇದ್ದದ್ದನ್ನು ನಾನು ಕಂಡಿಲ್ಲ. ಸೊಪ್ಪು ಸೋಸುತ್ತಿರುತ್ತಾಳೆ, ಇಲ್ಲ ಹೂವು ಕಟ್ಟುತ್ತಿರುತ್ತಾಳೆ, ಚಳಿಗಾಲ ಬಂತೆಂದರೆ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಬಿಡಿಸುತ್ತಿರುತ್ತಾಳೆ. ಮದುವೆಯಾದಾಗಿನಿಂದ ನಾನು ಬರೆದದ್ದನ್ನೆಲ್ಲ ಅವಳೆದುರು ಓದಿದ್ದೇನೆ. ರಾಜನು ಮಗನನ್ನು ಗಡೀಪಾರು ಮಾಡುವ ದೃಶ್ಯ ಓದಿದೆ, ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ತಾಯಿ ಸಾಯುವ ದೃಶ್ಯ ಓದುವಾಗ ನಾನೇ ಕನ್ನಡಕ ತೆಗೆದು ಒರೆಸಿಕೊಂಡೆ, ಅವಳು ಮಲ್ಲಿಗೆ ಮೊಗ್ಗು ಜೋಡಿಸುತ್ತಲೇ ಇದ್ದಳು. ಮುಗಿದ ಮೇಲೆ "ಚೆನ್ನಾಗಿದೆ ರೀ" ಅನ್ನುತ್ತಾಳೆ. ಅದೇ ದನಿಯಲ್ಲಿ "ಗ್ಯಾಸ್ ಬಂತು ರೀ" ಅಂತಲೂ ಅನ್ನುತ್ತಾಳೆ. ನನಗೆ ಬೇರೆ ಯಾವ ಬಿರುದೂ ಬೇಕಿರಲಿಲ್ಲ. ನನ್ನ ಒಂದು ಸಾಲು ಕೇಳಿ ಆ ಕೈ ಒಂದು ಕ್ಷಣ ನಿಲ್ಲಬೇಕು, ಅಷ್ಟೇ. ಅದಕ್ಕಾಗಿಯೇ ಬರೆಯುತ್ತಿದ್ದೆ ಅಂದರೂ ತಪ್ಪಲ್ಲ.

ಇಲ್ಲಿ ನನ್ನದೊಂದು ಚಾಳಿಯನ್ನೂ ಹೇಳಿಬಿಡಬೇಕು. ನನ್ನ ಸ್ವಂತ ಬರಹ ಓದುವಾಗ ಎದುರಿಗಿದ್ದವರು ಕೆಮ್ಮಿದರೂ ನಾನು ನಿಲ್ಲಿಸಿ ಅವರ ಮುಖ ನೋಡುತ್ತೇನೆ. ಕಾಲು ಬದಲಿಸಿ ಕೂತರೆ "ಯಾಕೆ, ಸರಿ ಇಲ್ವಾ?" ಅನ್ನುತ್ತೇನೆ. ತರಗತಿಯಲ್ಲಿ ಇದೊಂದು ತಮಾಷೆಯಾಗಿಹೋಗಿದೆ. ನಾನು ಓದಲು ಕನ್ನಡಕ ಹಾಕಿಕೊಂಡ ಕೂಡಲೇ ಯಾರಾದರೊಬ್ಬರು "ಕೆಮ್ಮೋರೆಲ್ಲ ಈಗ್ಲೇ ಕೆಮ್ಮಿಬಿಡ್ರಪ್ಪ" ಅನ್ನುತ್ತಾರೆ.

ಹೋದ ವರ್ಷದ ಚಳಿಗಾಲದಲ್ಲಿ ರತ್ನಮ್ಮ ನಮ್ಮ ತರಗತಿಗೆ ಸೇರಿದರು. ಉತ್ತರಹಳ್ಳಿಯವರು. ಊರು ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವ ಮನೆತನ. ಹೊಲವಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳಿವೆ. ವಯಸ್ಸು ನಲವತ್ತೈದರ ಸುಮಾರು. ಬಿ.ಕಾಂ. ಓದಿದ್ದಾರೆ. ಪರಿಚಯ ಮಾಡಿಕೊಳ್ಳಿ ಅಂದಾಗ, "ನಾನು ಹೌಸ್ ಓನರ್ರು ಸಾರ್. ಬೆಳಿಗ್ಗೆ ಎದ್ದು ಮೋಟರ್ ಹಾಕ್ತೀನಿ, ನೀರು ತುಂಬಿದ್ಮೇಲೆ ಆಫ್ ಮಾಡ್ತೀನಿ. ಮಧ್ಯದಲ್ಲಿ ಬರೀತೀನಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗ ಇನ್ನೂ ಹೊಟ್ಟೆಕಿಚ್ಚಿಗೆ ಕಾರಣವಿರಲಿಲ್ಲ. ಎದುರಿಗೆ ಆಕೆ ರತ್ನಮ್ಮನವರು. ಹೊಟ್ಟೆ ಉರಿಯುವಾಗ ಮನಸ್ಸಿನಲ್ಲಿ ಬರೀ ರತ್ನ, ಏಕವಚನ.

ಆಕೆಯ ಮೊದಲ ದೃಶ್ಯ ವಾಟ್ಸಾಪಿನಲ್ಲಿ ಬಂತು. ಓದುವ ಸರದಿ ನನ್ನದಾಗಿತ್ತು. ಶನಿವಾರ ಸಂಜೆ ಸುಮಿತ್ರ ನಡುಮನೆಯಲ್ಲಿ ಮೊರ ಇಟ್ಟುಕೊಂಡು ಕೂತಿದ್ದಳು. ನಾನು ಫೋನನ್ನು ಮೂಗಿನ ಹತ್ತಿರ ಹಿಡಿದು ಉದಾಸೀನವಾಗಿ ಶುರುಮಾಡಿದೆ. ದೃಶ್ಯ ಇಷ್ಟೇ. ಬಾಡಿಗೆಗಿದ್ದ ಹುಡುಗಿಯೊಬ್ಬಳು ಮನೆ ಖಾಲಿ ಮಾಡಿದ್ದಾಳೆ. ಸಾಮಾನು ಲಾರಿಗೆ ಏರಿಯಾಗಿದೆ. ಕೆಳಗಿನ ಮನೆಯ ಓನರ್ ಆಂಟಿ ಪಾತ್ರೆ ತೊಳೆಯುತ್ತಿರುವಾಗ ಹುಡುಗಿ ಬಂದು ಬೀಗದ ಕೈ ಕೊಡುತ್ತಾಳೆ. ಆಂಟಿ ಕೇಳುತ್ತಾಳೆ.

"ಹಾಲಿನವನಿಗೆ ಹೇಳಿದ್ಯಾ?"

"ಹೇಳಿದೆ ಆಂಟಿ."

"ಪೇಪರಿನವನಿಗೆ?"

"ಅವನಿಗೂ ಹೇಳಿದೆ."

"ನೀರಿನ ಕ್ಯಾನ್ ಹಾಕ್ತಾನಲ್ಲ, ಅವನಿಗೆ?"

"ಹೋದ ವಾರಾನೇ ಹೇಳಿದೆ ಆಂಟಿ."

"ಇಸ್ತ್ರಿಯವನಿಗೆ?"

"ಹೂಂ ಆಂಟಿ."

"ಎಲ್ಲಾರ್ಗೂ ನೀನೇ ಹೇಳಿದೀಯ. ನಂಗೆ ಮಾತ್ರ ಇಸ್ತ್ರಿಯವನು ಹೇಳ್ದ."

ಸಿಪ್ಪೆ ಸೀಳುವ ಸಣ್ಣ ಸದ್ದು ನಿಂತುಹೋಯಿತು. ಫೋನಿನ ಅಂಚಿನಿಂದ ನೋಡಿದೆ. ಸುಮಿತ್ರಳ ಬೆರಳುಗಳ ಮಧ್ಯೆ ಅರ್ಧ ಬಿಚ್ಚಿದ ಒಂದು ಅವರೆಕಾಯಿ ಹಾಗೇ ಇತ್ತು. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ನಾನು ನಿಲ್ಲಿಸಲಿಲ್ಲ, ಯಾಕೆ ಅಂತ ಕೇಳಲೂ ಇಲ್ಲ, ಉಳಿದದ್ದನ್ನು ಗಡಗಡ ಓದಿ ಮುಗಿಸಿದೆ. ಮುಗಿದ ಮೇಲೆ ಅವಳು "ಯಾರ್ರೀ ಇವ್ರು?" ಅಂದಳು. ಯಾರ ದೃಶ್ಯ ಓದಿದಾಗಲೂ ಅವಳು ಕೇಳದ ಪ್ರಶ್ನೆ ಅದು. "ಯಾರೋ ಹೊಸಬರು, ಉತ್ತರಹಳ್ಳಿಯೋರು" ಅಂದು ಎದ್ದುಹೋದೆ. ಅಡುಗೆಮನೆಯಲ್ಲಿ ನೀರು ಕುಡಿದೆ. ಹೊಟ್ಟೆ ಉರಿ ಅನ್ನುವ ಮಾತನ್ನು ಮೊದಲು ಆಡಿದವರು ಅದನ್ನು ಅನುಭವಿಸಿಯೇ ಆಡಿರಬೇಕು. ನಿಜವಾಗಿಯೂ ಅಲ್ಲೇ ಉರಿಯುತ್ತದೆ, ಎದೆಗಿಂತ ಸ್ವಲ್ಪ ಕೆಳಗೆ.

ಆಮೇಲೆ ಮಾಡಿದ ಕೆಲಸವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಆ ದೃಶ್ಯದಲ್ಲಿ ಹುಳುಕು ಹುಡುಕಲು ಕೂತೆ. ಬೇರೆಯವರ ದೃಶ್ಯವನ್ನು ಸದ್ಭಾವದಿಂದ ಒಂದು ಸಲ ಓದುತ್ತೇನೆ. ಇದನ್ನು ದುರ್ಭಾವದಿಂದ ಮತ್ತೆ ಮತ್ತೆ ಓದಿದೆ. ಸದ್ಭಾವಕ್ಕೆ ಬೇಗ ನಿದ್ದೆ ಬರುತ್ತದೆ ಅಂತ ಆಗ ಗೊತ್ತಾಯಿತು. ಕುರ್ಚಿ ಬದಲಿಸಿ ಓದಿದೆ, ಆಂಟಿಯಾಗಿ ಓದಿದೆ, ಹುಡುಗಿಯಾಗಿ ಓದಿದೆ, ಕೊನೆಗೆ ಲಾರಿ ಡ್ರೈವರನಾಗಿ ಹೊರಗೆ ಕಾಯುತ್ತಾ ಓದಿದೆ. ಡ್ರೈವರನಾಗಿದ್ದಾಗಲೇ ಸಿಕ್ಕಿತು. ಹುಡುಗಿ ಬೀಗದ ಕೈಯನ್ನು ಬಂದ ಕೂಡಲೇ ಕೊಟ್ಟುಬಿಡುತ್ತಾಳೆ. ಹೊರಗೆ ಲಾರಿ ಕಾಯುತ್ತಿದೆ, ಬಂದ ಕೆಲಸ ಮುಗಿದಿದೆ, ಹಾಲಿನವನ ಮಾತು ಕೇಳಿಕೊಂಡು ಅವಳೇಕೆ ಇನ್ನೂ ಅಲ್ಲಿ ನಿಂತಿದ್ದಾಳೆ? ನನಗಾದ ಖುಷಿ ಅಷ್ಟಿಷ್ಟಲ್ಲ. ಮಗನಿಗೆ ರ‍್ಯಾಂಕ್ ಬಂದವರ ಹಾಗೆ ಓಡಾಡಿದೆ. ಸುಮಿತ್ರ "ಏನ್ ಸಮಾಚಾರ?" ಅಂದಳು. "ಏನಿಲ್ಲ, ನಾಳೆ ಕ್ಲಾಸು" ಅಂದೆ.

ಭಾನುವಾರ ಎಲ್ಲರೆದುರು ಓದಿದೆ. ಇಸ್ತ್ರಿಯವನ ಸಾಲಿಗೆ ಹಿಂದಿನ ಕುರ್ಚಿಯವರೂ ಫೋನ್ ಕೆಳಗಿಟ್ಟರು. ನಮ್ಮಲ್ಲೊಬ್ಬರು ನಿವೃತ್ತ ಎಂಜಿನಿಯರರಿದ್ದಾರೆ, ಬನಶಂಕರಿಯಿಂದ ಬರುತ್ತಾರೆ, ಎಲ್ಲದಕ್ಕೂ ಲೆಕ್ಕ ಸರಿಯಾಗಬೇಕು. "ಅಗ್ರಿಮೆಂಟ್ ಪ್ರಕಾರ ಮುಂಚೇನೇ ನೋಟಿಸ್ ಕೊಡಬೇಕಲ್ವಾ? ಆಂಟಿಗೆ ಗೊತ್ತೇ ಇರ್ಲಿಲ್ಲ ಅಂದ್ರೆ ಹೇಗೆ?" ಅಂದರು. ಬಾಯಿ ಮುಚ್ಚಿಕೊಂಡಿರಬೇಕಾದ ರತ್ನಮ್ಮ ತಡೆಯಲಾರದೆ, "ನೋಟಿಸ್ ಆ ಹುಡುಗಿ ಗಂಡ ಓನರ್ ಅಂಕಲ್‌ಗೆ ಕೊಟ್ಟಿರ್ತಾನೆ ಸಾರ್. ಆಂಟಿಗೆ ಯಾರು ಕೊಡ್ತಾರೆ?" ಅಂದರು. ಎಂಜಿನಿಯರರು ಲೆಕ್ಕ ಸರಿಹೋಯಿತು ಅನ್ನುವ ಹಾಗೆ ತಲೆ ಆಡಿಸಿದರು. ನೋಡಿ, ಬರೆಯದೆ ಸುಮ್ಮನೆ ಬಾಯಿಗೆ ಬಂದದ್ದು ಕೂಡ ಹೀಗೆ. ನನ್ನ ಉರಿಗೆ ಇನ್ನೊಂದು ಸೌದೆ ಬಿತ್ತು.

ನಾನು ಪದ್ಧತಿಯಂತೆ ಮೊದಲು ಒಳ್ಳೆಯದನ್ನು ಹೇಳಿದೆ. ಇಸ್ತ್ರಿಯವನ ಸಾಲು ಚೆನ್ನಾಗಿದೆ ಅಂತ ಹೇಳುವಾಗ ಹಲ್ಲುನೋವಿದ್ದವರ ಹಾಗೆ ಮುಖ ಮಾಡಿದ್ದೆನಂತೆ, ಆಮೇಲೆ ಯಾರೋ ಹೇಳಿದರು. ನಂತರ ನನ್ನ ಪ್ರಶ್ನೆಯನ್ನು ನಿಧಾನವಾಗಿ, ಸವಿಯುತ್ತಾ ಕೇಳಿದೆ. "ಬೀಗದ ಕೈ ಮೊದಲೇ ಕೊಟ್ಟಾಯ್ತು. ಲಾರಿ ಬೇರೆ ಕಾಯ್ತಾ ಇದೆ. ಆ ಹುಡುಗಿ ಇನ್ನೂ ಯಾಕೆ ಅಲ್ಲಿ ನಿಂತಿದಾಳೆ ರತ್ನಮ್ಮನವರೇ?"

ಆಕೆ ಪೆಚ್ಚಾಗುತ್ತಾರೆ ಅಂದುಕೊಂಡಿದ್ದೆ. ಆಕೆ ಸ್ವಲ್ಪ ಹೊತ್ತು ತಮ್ಮ ಕೈಯನ್ನೇ ನೋಡಿಕೊಂಡರು. ಆಮೇಲೆ ಮುಖ ಅರಳಿತು. "ಸಾರ್, ಇಷ್ಟು ಗಮನ ಇಟ್ಟು ನಂದು ಯಾರೂ ಓದಿಲ್ಲ ಸಾರ್. ನಮ್ಮನೆಯವರಂತೂ ಉದ್ದ ಇದ್ರೆ ಮೆಸೇಜೇ ಓದಲ್ಲ" ಅಂದು ಎದ್ದು ನಿಂತು ಕೈಮುಗಿದರು. ಹೊಟ್ಟೆಕಿಚ್ಚಿಗೆ ಸಿಕ್ಕ ನಮಸ್ಕಾರವನ್ನು ಹೇಗೆ ಸ್ವೀಕರಿಸಬೇಕು ಅಂತ ತಿಳಿಯದೆ ನಾನೂ ಎದ್ದು ನಿಂತೆ.

ಮುಂದಿನ ವಾರ ದೃಶ್ಯ ತಿದ್ದಿ ತಂದರು. ಈಗ ಬೀಗದ ಕೈ ಹುಡುಗಿಯ ಕೈಯಲ್ಲೇ ಇದೆ. ಹಾಲಿನವನು, ಪೇಪರಿನವನು, ಕ್ಯಾನಿನವನು, ಇಸ್ತ್ರಿಯವನು, ಎಲ್ಲರ ಮಾತೂ ಮುಗಿಯುವ ತನಕ ಅವಳು ಅದನ್ನು ಹಿಡಿದುಕೊಂಡೇ ನಿಂತಿದ್ದಾಳೆ. ಕೊನೆಗೆ ಮುಂದೆ ಚಾಚುತ್ತಾಳೆ. ಆಂಟಿ ತೆಗೆದುಕೊಳ್ಳುವುದಿಲ್ಲ. "ಅಲ್ಲೇ ಮೊಳೆಗೆ ನೇತಾಕಿ ಹೋಗು. ನನ್ನ ಕೈ ಒದ್ದೆ" ಅನ್ನುತ್ತಾಳೆ. ದೃಶ್ಯ ಅಲ್ಲಿಗೆ ಮುಗಿಯುತ್ತದೆ. ಹುಳುಕು ಹುಡುಕಿ ಕೊಟ್ಟವನು ನಾನು. ಆಕೆ ಅದನ್ನೇ ಹಿಡಿದುಕೊಂಡು ನನ್ನ ಕೈಗೆ ಸಿಗದಷ್ಟು ದೂರ ಹೋಗಿಬಿಟ್ಟರು.

ಸಂಕ್ರಾಂತಿಗೆ ಮೊದಲು ಬನಶಂಕರಿಯ ಒಂದು ಪುಟ್ಟ ಸಭಾಂಗಣದಲ್ಲಿ ನಮ್ಮ ತರಗತಿಯವರ ದೃಶ್ಯಗಳನ್ನು ಓದಿಸಿದೆವು. ಸುಮಿತ್ರ ಮುಂದಿನ ಸಾಲಿನಲ್ಲಿ ಕೂತಿದ್ದಳು. ರತ್ನಮ್ಮನ ದೃಶ್ಯ ಮುಗಿದಾಗ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಹೊರಗೆ ಕಾಫಿ ಕುಡಿಯುವಾಗ ಇಬ್ಬರೂ ಹಳೆಯ ಸ್ನೇಹಿತೆಯರ ಹಾಗೆ ಕೈ ಹಿಡಿದುಕೊಂಡು ನಿಂತಿದ್ದರು. ಅದೇ ಸಂಜೆ ಓದಿದ ನನ್ನ ದೃಶ್ಯಕ್ಕೂ ಚಪ್ಪಾಳೆ ಬಂತು, ಮೇಷ್ಟ್ರಿಗೆ ಬರಬೇಕಾದಷ್ಟು. ಮನೆಗೆ ಬರುವಾಗ ಆಟೋದಲ್ಲಿ ಸುಮಿತ್ರ, "ಆ ಬೀಗದ ಕೈ ಇದೆ ನೋಡಿ" ಅಂತ ಶುರುಮಾಡಿದಳು. ಇನ್ನು ತಡೆಯಲಾಗಲಿಲ್ಲ.

"ಅದು ನಾನು ಕೇಳಿದ ಪ್ರಶ್ನೆಯಿಂದ ಬಂದಿದ್ದು" ಅಂದೆ.

"ಕೇಳಿದ್ದು ನೀವೇ ಇರಬಹುದು. ಕೈ ಒದ್ದೆ ಅಂತ ಹೇಳಿದ್ದು ಅವರಲ್ವಾ?"

ಆಟೋದವನು ಕನ್ನಡಿಯಲ್ಲಿ ನನ್ನನ್ನು ನೋಡಿದ ಹಾಗಾಯಿತು.

ಆಮೇಲೆ ನನಗೊಂದು ಉಪಾಯ ಹೊಳೆಯಿತು. ಬೀರುವಿನ ಕೆಳಗಿನ ಖಾನೆಯಿಂದ ನನಗೆ ಅತ್ಯಂತ ಪ್ರಿಯವಾದ ದೃಶ್ಯವನ್ನು ತೆಗೆದು ರತ್ನಮ್ಮನಿಗೆ ಕೊಟ್ಟೆ. ಹೇಗೂ ಪದ್ಧತಿ ಇದೆಯಲ್ಲ, ಮೇಷ್ಟ್ರದ್ದನ್ನೂ ಒಬ್ಬರು ಓದಲಿ. ಆಕೆ ಕೆಮ್ಮದೆ, ಎಡವದೆ, ಚೆನ್ನಾಗಿಯೇ ಓದಿದರು. ಮುಗಿಸಿ "ತುಂಬಾ ಚೆನ್ನಾಗಿದೆ ಸಾರ್" ಅಂದರು.

ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ಆ ಹೊಗಳಿಕೆಯಲ್ಲಿ ಎಲ್ಲೂ ಒಂದು ಚೂರು ಉರಿ ಇರಲಿಲ್ಲ. ಎಲ್ಲರೂ ಮೆಟ್ಟಿಲಿಳಿದು ಹೋದ ಮೇಲೆ ಆಕೆಯನ್ನು ನಿಲ್ಲಿಸಿಕೊಂಡೆ. "ನೋಡಿ, ಹೀಗೆ ಮರ್ಯಾದೆಗೆ ಓದಬೇಡಿ. ನನ್ನ ಮೇಲೆ ಹೊಟ್ಟೆಕಿಚ್ಚು ಇಟ್ಕೊಂಡು ಓದಿ. ನಾನು ನಿಮ್ಮದು ಓದಿದ್ದು ಹಾಗೇನೇ" ಅಂದೆ.

ಆಕೆ ಜೋರಾಗಿ ನಕ್ಕರು. "ನಿಮ್ಮ ಮೇಲೆ ನಂಗ್ಯಾಕೆ ಸಾರ್ ಹೊಟ್ಟೆಕಿಚ್ಚು?"

ಏನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಲ್ಲ, ಆದರೆ ಆ ಮಾತು ನನಗೆ ನಾಟಿದ ಹಾಗೆ ಯಾವ ವಿಮರ್ಶೆಯೂ ನಾಟಿಲ್ಲ. ನನ್ನ ಮುಖ ನೋಡಿ ಆಕೆಯೂ ನಗು ನಿಲ್ಲಿಸಿದರು. ಹಾಳೆಗಳನ್ನು ಮತ್ತೊಮ್ಮೆ ತಿರುವಿ ಹಾಕಿದರು. ಕೆಳಗೆ ಯಾರೋ ಗಾಡಿ ಸ್ಟಾರ್ಟ್ ಮಾಡುತ್ತಿದ್ದರು. "ಒಂದು ಪ್ರಶ್ನೆ ಕೇಳ್ಬೋದಲ್ವಾ ಸಾರ್? ಬೇಜಾರ್ ಮಾಡ್ಕೋಬೇಡಿ. ನಿಮ್ಮ ನಾಟಕದಲ್ಲಿ ಯಾರ ಕೈಗೂ ಕೆಲ್ಸಾನೇ ಇಲ್ವಲ್ಲ, ಯಾಕೆ? ಎಲ್ರೂ ಸುಮ್ನೆ ನಿಂತ್ಕೊಂಡು ಮಾತಾಡ್ತಾರೆ. ನಮ್ಮ ಕಡೆ ಮುಖ್ಯವಾದ ಮಾತೆಲ್ಲ ಏನಾದ್ರೂ ಮಾಡ್ತಾ ಇರೋವಾಗ್ಲೇ ಆಡೋದು."

ಆಕೆ ಹೋದ ಮೇಲೆ ಖಾಲಿ ಕುರ್ಚಿಗಳ ಮಧ್ಯೆ ಕೂತು ನನ್ನ ರಾಜ, ನನ್ನ ತಾಯಿ, ನನ್ನ ಕ್ರಾಂತಿಕಾರಿ, ಎಲ್ಲರನ್ನೂ ನೆನೆಸಿಕೊಂಡೆ. ಒಬ್ಬರ ಕೈಯಲ್ಲೂ ಏನೂ ಇಲ್ಲ. ಬೀದಿಯಲ್ಲಿ ಬಸ್ಸಿಗೆ ಕಾಯುವವರ ಹಾಗೆ ಕೈ ಇಳಿಬಿಟ್ಟು ನಿಂತು ಭಾಷಣ ಮಾಡುತ್ತಿದ್ದಾರೆ. ಮದುವೆಯಾದಾಗಿನಿಂದ ಒಬ್ಬಳ ಕೈಯನ್ನೇ ಕಣ್ಣಿಟ್ಟು ನೋಡುತ್ತಾ ಬಂದವನು ನಾನು. ಅದನ್ನು ಒಂದು ದೃಶ್ಯದಲ್ಲಿಯಾದರೂ ಬರೆಯಬೇಕು ಅಂತ ಹೊಳೆದಿರಲಿಲ್ಲ. ಹೊಳೆಯುವ ಹಾಗೆ ಮಾಡಿದವಳು ಮತ್ತೆ ಅದೇ ರತ್ನ. ಆ ದಿನವೂ ಊಟ ಸೇರಲಿಲ್ಲ.

ಈ ವರ್ಷ ಅದನ್ನು ಬರೆದೆ. ಹಳೆಯ ದೃಶ್ಯ ತಿದ್ದಲು ಹೋಗಲಿಲ್ಲ, ಹೊಸದನ್ನೇ ಬರೆದೆ. ಗಂಡ ನಾಟಕ ಓದುತ್ತಾನೆ, ಹೆಂಡತಿ ಅವರೆಕಾಯಿ ಬಿಡಿಸುತ್ತಾ ಕೇಳುತ್ತಾಳೆ. ಅವನು ಒಳ್ಳೊಳ್ಳೆಯ ಸಾಲುಗಳನ್ನೆಲ್ಲ ಓದಿದರೂ ಅವಳ ಕೈ ನಡೆಯುತ್ತಲೇ ಇರುತ್ತದೆ. ಕೊನೆಗೆ ಅವನು ಕಾಗದ ಕೆಳಗಿಟ್ಟು ಬರೆಯದ ಒಂದು ಮಾತು ಹೇಳುತ್ತಾನೆ, ‘ನಾನು ಇನ್ನು ಓದಲ್ಲ ಕಣೇ’ ಅಂತ. ಆಗ ಅವಳ ಕೈ ನಿಲ್ಲುತ್ತದೆ. ದೃಶ್ಯ ಮುಗಿಯುತ್ತದೆ. ಬರೆದಾದ ಮೇಲೆ ರತ್ನ ಬರೆದದ್ದು ಅಂತ ಭಾವಿಸಿಕೊಂಡು ಹಲ್ಲು ಕಚ್ಚಿ ಓದಿದೆ. ಅಷ್ಟೇನೂ ಹುಳುಕು ಸಿಗಲಿಲ್ಲ. ಅದಕ್ಕೇ ಇವತ್ತು ಬೆಳಿಗ್ಗೆ ಮಾರ್ಕೆಟ್ಟಿಗೆ ಹೋದದ್ದು. ಸುಮಿತ್ರ ಹೇಳದೇ ಇದ್ದರೂ ಎರಡು ಚೀಲ ಅವರೆಕಾಯಿ ತಂದೆ.

ಸಂಜೆ ಅವಳು ಮೊರ ಹಿಡಿದು ಕೂತಳು. ನಾನು ಕನ್ನಡಕ ಹಾಕಿಕೊಂಡು ಓದಿದೆ. ಸಿಪ್ಪೆ ಸೀಳುವ ಸದ್ದು ಬರುತ್ತಲೇ ಇತ್ತು. ದೃಶ್ಯದ ಹೆಂಡತಿಯ ಕೈ ನಿಂತಿತು. ನನ್ನ ಹೆಂಡತಿಯ ಕೈ ನಿಲ್ಲಲಿಲ್ಲ. ನಾನು ಹಾಳೆ ಮಡಿಚಿದೆ. ಅವಳು ಇನ್ನೂ ನಾಲ್ಕು ಕಾಯಿ ಬಿಡಿಸಿದಳು.

"ಚೆನ್ನಾಗಿದೆ ಅಂತ ಹೇಳ್ಬೇಡ" ಅಂದೆ.

"ಹೇಳಲ್ಲ. ಕೊನೇದು ಸರಿ ಇಲ್ಲ ರೀ. ಅವಳು ಕೈ ನಿಲ್ಲಿಸಬಾರ್ದು."

"ಯಾಕೆ?"

"ಅವಳಿಗೆ ಗಂಡನ್ನ ಗೊತ್ತಿಲ್ವಾ? ನಿಲ್ಲಿಸಿದ್ರೆ ಅವನು ಓದೋದು ಬಿಟ್ಟು ಅವಳ ಮುಖ ನೋಡ್ತಾನೆ." ಅವಳು ಒಂದು ಹುಳುಕು ಕಾಯಿಯನ್ನು ಪಕ್ಕಕ್ಕೆ ಹಾಕಿದಳು. "ನಮ್ಮ ಮದುವೆ ಆದ ವರ್ಷ, ನಾನು ಹೂವು ಕಟ್ತಾ ಇದ್ದೆ. ಯಾವುದೋ ಒಂದು ಸಾಲು ತುಂಬಾ ಹಿಡಿಸ್ತು. ದಾರ ಬಿಟ್ಬಿಟ್ಟೆ. ನೀವು ತಕ್ಷಣ ನಿಲ್ಲಿಸಿ, ಯಾಕೆ ಚೆನ್ನಾಗಿಲ್ವಾ, ಚೆನ್ನಾಗಿಲ್ವಾ ಅಂತ ಕೇಳಿ ಕೇಳಿ, ಕೊನೆಗೆ ಕಾಗದ ಹರಿದು ಹಾಕಿದ್ರಿ. ಆ ನಾಟಕ ಮುಂದೆ ಏನಾಯ್ತು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಅವತ್ತಿಂದ ನಿಲ್ಲಿಸಿಲ್ಲ. ಪೂರ್ತಿ ಕೇಳ್ಬೇಕಲ್ಲ ನಾನು."

ನನಗೆ ಆ ನಾಟಕವೂ ನೆನಪಿಲ್ಲ, ಹರಿದದ್ದೂ ನೆನಪಿಲ್ಲ. "ಹಾಗಾದ್ರೆ ರತ್ನಮ್ಮಂದು ಓದಿದಾಗ?" ಅಂದೆ. ಅಷ್ಟಾದರೂ ನನ್ನ ಹೊಟ್ಟೆಯಲ್ಲಿ ಅದೊಂದು ಉಳಿದಿತ್ತು.

"ಅದು ನಿಮ್ಮದಲ್ವಲ್ಲ. ನೀವು ನಿಲ್ಲಿಸಲ್ಲ ಅಂತ ಗೊತ್ತಿತ್ತು, ಆರಾಮಾಗಿ ಕೇಳ್ದೆ." ಆಮೇಲೆ ಮೊರದಿಂದ ಕಣ್ಣೆತ್ತದೆ, "ಆ ರಾಜ ಮಗನ್ನ ಕಳಿಸೋದು ಇತ್ತಲ್ಲ, ಅವತ್ತು ಹುರುಳಿಕಾಯಿ ಪಲ್ಯದ ತುಂಬ ನಾರೇ ಇತ್ತು ಅಂತ ನೀವೇ ಊಟಕ್ಕೆ ಕೂತಾಗ ಬೈದ್ರಿ" ಅಂದಳು.

ಅದು ಮಾತ್ರ ನನಗೆ ಚೆನ್ನಾಗಿ ನೆನಪಿತ್ತು. ಪೆನ್ನು ತೆಗೆದುಕೊಂಡು ದೃಶ್ಯದ ಕೊನೆಯ ಸಾಲನ್ನು ಹೊಡೆದುಹಾಕಿದೆ. ಈಗ ಗಂಡ ‘ಇನ್ನು ಓದಲ್ಲ’ ಅನ್ನುತ್ತಾನೆ, ಹೆಂಡತಿ ಕೈ ನಿಲ್ಲಿಸದೆ ‘ಆಮೇಲೆ?’ ಅನ್ನುತ್ತಾಳೆ. ನಾಳೆ ಭಾನುವಾರ, ಓದುವ ಸರದಿ ರತ್ನಮ್ಮನದು. ಈ ಸಾಲಿಗೆ ಬಂದಾಗ ಆಕೆಗೆ ಎದೆಗಿಂತ ಸ್ವಲ್ಪ ಕೆಳಗೆ ಏನಾದರೂ ಉರಿದರೆ ನನಗೆ ಬೇಸರವಿಲ್ಲ. ಅದು ನನ್ನ ಹೆಂಡತಿ ಕೊಟ್ಟ ಸಾಲು ಅಂತ ತಕ್ಷಣಕ್ಕೆ ಹೇಳಬೇಕೆಂದೂ ಇಲ್ಲ.

"ಓದಿ ಮತ್ತೆ, ಮೊದಲಿಂದ" ಅಂದಳು ಸುಮಿತ್ರ, ಇನ್ನೊಂದು ಹಿಡಿ ಕಾಯಿ ಮೊರಕ್ಕೆ ಎಳೆದುಕೊಳ್ಳುತ್ತಾ. ಮೊದಲಿನಿಂದ ಓದಿದೆ. ಮಧ್ಯದಲ್ಲಿ ಎಲ್ಲೋ ಒಂದು ಕಡೆ ಸಿಪ್ಪೆಯ ಸದ್ದು ನಿಂತ ಹಾಗೆ ಅನ್ನಿಸಿತು. ನಾನು ತಲೆ ಎತ್ತಲಿಲ್ಲ, ಓದುತ್ತಾ ಹೋದೆ.